ಗಾಳಿ ಒತ್ತಿದವರು

ಫೆಬ್ರವರಿ 2, ಸೋಮವಾರ

ನನ್ನ ಚೀಟಿಯಲ್ಲಿ ‘ಮರ’ ಅಂತಿತ್ತು. ಇಡೀ ಕ್ಲಾಸಿಗೆ ಒಂದೇ ಒಂದು ‘ಮರ’ ಇದ್ದದ್ದು. ಅದು ಸೀದಾ ನಡೆದು ಬಂದು ನನ್ನ ಬೆರಳಿಗೇ ಅಂಟಿಕೊಂಡಿತು. ಉಳಿದವರಿಗೆಲ್ಲ ಜಲವರ್ಣ, ಪೋಸ್ಟರ್, ಜೇಡಿಮಣ್ಣು. ಮಣ್ಣಾದರೂ ಪರವಾಗಿಲ್ಲ, ತಪ್ಪಾದರೆ ಮುದ್ದೆ ಮಾಡಿ ರೀಸ್ಟಾರ್ಟ್ ಮಾಡಬಹುದು. ಮರದಲ್ಲಿ ಅನ್‌ಡೂ ಇಲ್ಲ.

ಫಸ್ಟ್ ಸೆಮಿಸ್ಟರ್ ಪ್ರಾಕ್ಟಿಕಲ್‌ನಲ್ಲಿ ಆಲ್ರೆಡಿ ಫೇಲ್ ಆದವಳು ನಾನು. ಇದೂ ಹೋದರೆ ಇಯರ್ ರಿಪೀಟ್. ರಿಪೀಟ್ ಮಾಡುವವರಿಗೆ ಹಾಸ್ಟೆಲ್ ಸೀಟಿಲ್ಲ ಅಂತ ನೋಟಿಸ್ ಬೋರ್ಡಿನಲ್ಲಿದೆ. ದಿನಾ ಹೋಗಿ ಓದಿ ಬರುತ್ತೇನೆ, ಬದಲಾಗಿದ್ದರೂ ಇರಬಹುದು ಅಂತ. ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು. ಬೆಲ್ ಹೊಡೆಯದೆ ಜನ ಊಟಕ್ಕೆ ಹೇಗೆ ಏಳುತ್ತಾರೆ ಅಂತಲೇ ನನಗೆ ಗೊತ್ತಿಲ್ಲ.

ಆರು ವಾರ ಒಬ್ಬ ಆರ್ಟಿಸ್ಟ್ ಮನೆಯ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಬೇಕು, ಮಾರ್ಕ್ಸ್ ಅವರದ್ದೇ. ನಮ್ಮ ಕಾಲೇಜಿನಲ್ಲೇ ಪಾಠ ಮಾಡಿ ರಿಟೈರ್ ಆದವರಂತೆ. ಸೀನಿಯರ್‌ಗಳು ಇಟ್ಟ ಹೆಸರು ‘ಉಳಿ ಮೇಡಂ’. ಯಾಕೆ ಅಂತ ಕೇಳಿದ್ದಕ್ಕೆ, “ಹೋಗು, ಚುಚ್ಚಿದಾಗ ಗೊತ್ತಾಗುತ್ತೆ” ಅಂದರು. ಫುಲ್ ಟೆನ್ಶನ್.

ಫೆಬ್ರವರಿ 3, ಮಂಗಳವಾರ

ಹತ್ತು ಗಂಟೆಗೆ ಬಾ ಅಂದಿದ್ದರು. ಒಂಬತ್ತಕ್ಕೇ ಹೋಗಿ ಗೇಟಿನ ಹೊರಗೆ ನಿಂತಿದ್ದೆ. ಒಳಗಿನಿಂದ ಒಬ್ಬರು ಅಂಕಲ್ ಬಂದು, “ಯಾರಿಗಾದರೂ ಕಾಯ್ತಾ ಇದೀಯೇನಮ್ಮ?” ಅಂದರು. “ಹತ್ತು ಗಂಟೆಗೆ, ಅಂಕಲ್” ಅಂದೆ. ಅವರು ನಕ್ಕು ಟೀ ಕೊಟ್ಟರು. ಗೇಟಿನ ಹೊರಗೇ.

ಉಳಿ ಮೇಡಂ ಕುಳ್ಳಗೆ, ತೆಳ್ಳಗೆ, ಕಿವಿಯ ಹಿಂದೆ ಪೆನ್ಸಿಲ್.

“ಉಗುರು ತೋರಿಸು.”

ತೋರಿಸಿದೆ.

“ಕಚ್ಚುತ್ತೀಯಾ?”

“ಸ್ವಲ್ಪ, ಮೇಡಂ. ಎಕ್ಸಾಮ್ ಟೈಮಲ್ಲಿ.”

“ಒಳ್ಳೇದು. ಶಾಯಿ ಸೇರಿಕೊಳ್ಳೋಕೆ ಜಾಗ ಇಲ್ಲ.”

ವರ್ಕ್‌ಶಾಪ್ ಅಂದರೆ ಮನೆಯ ಹಿಂದಿನ ಉದ್ದ ರೂಮು. ಕಿಟಕಿಯ ಕೆಳಗೆ ದೊಡ್ಡ ಮೇಜು, ಗೋಡೆಗೆ ಒರಗಿಸಿಟ್ಟ ಕೆತ್ತಿದ ಹಲಗೆಗಳು, ಇನ್ನೊಂದು ಕಡೆ ಕ್ಯಾನ್ವಾಸುಗಳ ರಾಶಿ. ಮೇಡಂ ಮೊದಲ ಹತ್ತು ವರ್ಷ ಬರೀ ವುಡ್‌ಕಟ್, ಅಂದರೆ ಮರದ ಹಲಗೆ ಕೆತ್ತಿ ಕಾಗದಕ್ಕೆ ಒತ್ತುವ ಚಿತ್ರ, ಮಾಡಿದರಂತೆ. ಆಮೇಲಿನ ಮೂವತ್ತು ವರ್ಷ ಬರೀ ಪೇಂಟಿಂಗ್. ಈಗ ಮಾರ್ಚ್ ಕೊನೆಗೆ ನಲವತ್ತು ವರ್ಷದ ಕೆಲಸವೆಲ್ಲ ಸೇರಿಸಿ ದೊಡ್ಡ ಎಕ್ಸಿಬಿಷನ್.

ಮೇಜಿನ ಮೇಲಿದ್ದದ್ದು ಅವರ ಕಡೆಯ ಹಲಗೆ. ಒಂದು ತಾರಸಿ, ಬಟ್ಟೆ ಒಣಹಾಕುವ ಹಗ್ಗ, ಗಾಳಿಗೆ ಉಬ್ಬಿದ ಮೂರು ಬೆಡ್‌ಶೀಟು. ಅದರ ಮೇಲೆಲ್ಲ ಆಕಾಶ. ಆಕಾಶದಲ್ಲಿ ಏನೂ ಕೆತ್ತಿಲ್ಲ, ಹಲಗೆ ನುಣ್ಣಗಿದೆ. ಹನ್ನೆರಡು ಪ್ರತಿ ಒತ್ತುತ್ತೇನೆ ಅಂತ ಘೋಷಿಸಿ, ಒಂದೊಂದರ ಕೆಳಗೂ ‘ಹನ್ನೆರಡರಲ್ಲಿ ಒಂದು’, ‘ಹನ್ನೆರಡರಲ್ಲಿ ಎರಡು’ ಅಂತ ಬರೆದಿದ್ದಾರೆ. ಏಳು ಮಾತ್ರ ಆಗಿದೆ.

“ಇನ್ನೈದು ಎಲ್ಲಿ, ಮೇಡಂ?”

“ಒತ್ತಿಲ್ಲ.”

“ಮೂವತ್ತು ವರ್ಷದಿಂದ?”

“ಲೆಕ್ಕ ಚೆನ್ನಾಗಿದೆ ನಿಂದು.”

ಆ ಐದನ್ನು ನಾನು ಒತ್ತಬೇಕು. ಮೇಡಂ ಹೆಬ್ಬೆರಳಿನ ಗಂಟು ಊದಿದೆ, ಸೌಟು ಒತ್ತಿ ಹಿಡಿಯೋಕಾಗಲ್ಲ. ಹೌದು, ಸೌಟು! ಇಲ್ಲಿ ಮೆಷಿನ್ ಇಲ್ಲ. ಹಲಗೆಗೆ ರೋಲರ್‌ನಿಂದ ಶಾಯಿ ಹಚ್ಚಿ, ಮೇಲೆ ಒದ್ದೆ ಮಾಡಿದ ಕಾಗದ ಹಾಸಿ, ಮರದ ಸೌಟಿನ ಬೆನ್ನಿಂದ ಉಜ್ಜಬೇಕು. ಹೊಸ ಪ್ರತಿಗಳು ಹಳೆಯ ಏಳರ ಹಾಗೇ ಇರಬೇಕು. ಆಗಿನ ಕಾಗದ ಈಗ ಸಿಗುವುದಿಲ್ಲ. ಉಳಿದಿರುವುದು ಒಂಬತ್ತು ಹಾಳೆ.

“ಐದು ಸರಿಯಾಗಿ ಬಂದರೆ ನೀನು ಪಾಸ್.”

“ನಾಲ್ಕು ಬಂದರೆ, ಮೇಡಂ?”

“ನಾಲ್ಕು ಅಂದರೆ ಐದಲ್ಲ.”

ಟೀ ಕೊಟ್ಟ ಅಂಕಲ್ ಮೇಡಂ ಗಂಡ ಅಂತ ಸಂಜೆ ಗೊತ್ತಾಯಿತು. ರೂಮಿನ ಬಾಗಿಲ ಹೊರಗೆ ಸ್ಟೂಲ್ ಮೇಲೆ ಕಪ್ಪಿಟ್ಟು “ಟೀ” ಅಂತ ಕೂಗಿ ಹೋಗುತ್ತಾರೆ. ಒಳಗೆ ಬರಲ್ಲ. ನಾನು ಹುಡುಗಿ ಅಂತ ಸಂಕೋಚವೇನೋ. ಸೋ ಸ್ವೀಟ್.

ಫೆಬ್ರವರಿ 11, ಬುಧವಾರ

ಒಂದು ವಾರ ಬರೀ ರಫ್ ಪೇಪರ್ ಮೇಲೆ ಪ್ರಾಕ್ಟೀಸ್. ಅರವತ್ತೆರಡು ಒತ್ತಿದೆ. ಭುಜ ನನ್ನದಲ್ಲ ಅನ್ನಿಸುತ್ತಿದೆ. ಕೊನೆಯ ಹತ್ತು ಓಕೆ ಅಂದರು ಮೇಡಂ. ಅವರು ಓಕೆ ಅಂದರೆ ಬೇರೆಯವರು ಸೂಪರ್ ಅಂದ ಹಾಗೆ ಅಂತ ನಾನೇ ಡಿಸೈಡ್ ಮಾಡಿದ್ದೇನೆ.

ನಾಳೆ ಅಸಲಿ ಹಾಳೆ. ಇವತ್ತೇ ಒದ್ದೆ ಬಟ್ಟೆಯ ನಡುವೆ ಮಲಗಿಸಿ ಬಂದಿದ್ದೇನೆ. ಅದಕ್ಕಾದರೂ ನಿದ್ದೆ ಬರಲಿ.

ಫೆಬ್ರವರಿ 12, ಗುರುವಾರ

ಹೋಯ್ತು. ಎಲ್ಲಿ ಹರಿಯುತ್ತೋ ಅಂತ ಮೆಲ್ಲಗೆ ಉಜ್ಜಿದೆ. ಬೆಡ್‌ಶೀಟೆಲ್ಲ ಮಸುಕು ಮಸುಕು.

“ಬೆನ್ನು ಸವರ್ತಾ ಇದ್ಯಾ? ಅದಕ್ಕೇನು ಜ್ವರ ಬಂದಿತ್ತಾ?” ಅಂದರು ಮೇಡಂ.

ಉಳಿದದ್ದು ಎಂಟು.

ಫೆಬ್ರವರಿ 16, ಸೋಮವಾರ

ಎರಡನೇ ಹಾಳೆ. ಸೀನು ಬಂತು. ಕಾಗದ ಜರುಗಿತು.

ಏಳು.

ಫೆಬ್ರವರಿ 18, ಬುಧವಾರ

“ಹೆದರಬೇಡ” ಅಂದರು. ಹೆದರದೆ ಉಜ್ಜಿದೆ. ಕಾಗದ ಹರಿಯಿತು.

ಆರು.

ಅಮ್ಮನ ಫೋನ್ ಬಂತು. “ಹೇಗಿದೆ ಕಣೇ ಕಾಲೇಜು?” “ಫೈನ್ ಅಮ್ಮ.” “ಊಟ?” “ಫೈನ್.” “ದನಿ ಯಾಕೆ ಹೀಗಿದೆ?” “ಫೈನ್ ಅಮ್ಮ.” ಇಟ್ಟಮೇಲೆ ಬಕೆಟ್‌ನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ನಲ್ಲಿ ಶಬ್ದದಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಕಲಿತ ವಿದ್ಯೆ.

ಫೆಬ್ರವರಿ 23, ಸೋಮವಾರ

ಇವತ್ತಿನದು ಪರ್ಫೆಕ್ಟ್. ಐ ಮೀನ್, ನಿಜವಾಗಿಯೂ. ಅಂಚು ಚೂಪಾಗಿ, ಕಪ್ಪು ಕಪ್ಪಾಗಿ, ಆಕಾಶ ನೀಟಾಗಿ. ಮೂಲೆ ಹಿಡಿದು ಕಾಗದ ಎತ್ತುವಾಗ ನನಗೇ ಕಿರುಚುವ ಹಾಗಾಯಿತು.

ಮೇಡಂ ಕಿಟಕಿಯ ಹತ್ತಿರ ಒಯ್ದು ನೋಡಿದರು. ತುಂಬ ಹೊತ್ತು ನೋಡಿದರು. ವಾಪಸ್ ತಂದು ಮೇಜಿನ ಮೇಲಿಟ್ಟರು.

“ಗಾಳಿ ಇಲ್ಲ.”

“ಗಾಳಿ ಅಂದರೆ, ಮೇಡಂ?”

“ಗಾಳಿ ಅಂದರೆ ಗಾಳಿ.”

“ಆಕಾಶದಲ್ಲಿ ನೀವು ಏನೂ ಕೆತ್ತೇ ಇಲ್ಲವಲ್ಲ, ಮೇಡಂ?”

“ಅದು ನನಗೆ ಗೊತ್ತು” ಅಂದು ಹೆಬ್ಬೆರಳು ಒತ್ತಿಕೊಳ್ಳುತ್ತಾ ಒಳಗೆ ಹೋದರು.

ಉಳಿದದ್ದು ಐದು. ಬೇಕಾದದ್ದು ಐದು. ಇನ್ನು ಒಂದು ತಪ್ಪಾದರೂ ನಾನು ಬ್ಯಾಗು ಪ್ಯಾಕ್ ಮಾಡಬಹುದು. ರೂಮ್‌ಮೇಟ್ ಸಮಾಧಾನ ಮಾಡಲು ಬಂದಳು: “ರಿಲ್ಯಾಕ್ಸ್ ಕಣೇ. ವರ್ಸ್ಟ್ ಕೇಸ್, ಏನಾಗುತ್ತೆ?” ವರ್ಸ್ಟ್ ಕೇಸ್ ಏನೇನು ಅಂತ ಹದಿನಾಲ್ಕು ಪಾಯಿಂಟ್ ಹೇಳಿದೆ. ಆರನೆಯದಕ್ಕೆ ಗೊರಕೆ ಶುರು.

ಫೆಬ್ರವರಿ 25, ಬುಧವಾರ

ಸದ್ಯಕ್ಕೆ ಒತ್ತಬೇಡ, ಹಳೆಯ ಕಾಗದಪತ್ರ ಜೋಡಿಸು ಅಂದರು. ಫೈಲಿನಲ್ಲಿ ಒಂದು ಪೇಪರ್ ಕಟಿಂಗ್ ಸಿಕ್ಕಿತು, ಮೂವತ್ತು ವರ್ಷ ಹಳೆಯದು. “ಈ ಕಲಾವಿದೆ ಗಾಳಿಯನ್ನೇ ಕೆತ್ತಬಲ್ಲರು” ಅಂತ ಬರೆದಿದ್ದಾರೆ. ಬರೆದವರು ಹಲಗೆ ನೋಡಿಲ್ಲ, ಗ್ಯಾರಂಟಿ.

ಏಳರಲ್ಲಿ ಮೂರನೆಯ ಪ್ರತಿ ನಡುಮನೆಯಲ್ಲಿ ತೂಗುಹಾಕಿದೆ. ಅದರ ಮುಂದೆ ಹೋಗಿ ನಿಂತೆ. ನೇರ ನೋಡಿದರೆ ಆಕಾಶ ಬರೀ ಬೂದು. ಪಕ್ಕದಿಂದ, ಗಾಜಿಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ನೋಡಿದಾಗ ಕಂಡಿತು: ಆಕಾಶದ ತುಂಬ ಸಣ್ಣ ಸಣ್ಣ ಓರೆ ಗೆರೆಗಳು, ಬಾಚಣಿಗೆಯಿಂದ ಬಾಚಿದ ಹಾಗೆ, ಎಲ್ಲವೂ ಬೆಡ್‌ಶೀಟು ಉಬ್ಬಿದ ಕಡೆಗೇ ವಾಲಿದ್ದವು. ಕೆತ್ತಿದ್ದಲ್ಲ, ಸೌಟು ಓಡಿದ ಗುರುತು. ಶಾಯಿ ತೆಳುವಾಗಿದ್ದ ಕಡೆಯೆಲ್ಲ ಕೈ ಹೋದ ದಾರಿ ಉಳಿದುಬಿಟ್ಟಿದೆ.

ಓಡಿಹೋಗಿ ನನ್ನ ಪರ್ಫೆಕ್ಟ್ ಪ್ರತಿಯನ್ನು ಓರೆ ಹಿಡಿದು ನೋಡಿದೆ. ನನ್ನದರಲ್ಲೂ ಗೆರೆ ಇದೆ! ಆದರೆ ಉಲ್ಟಾ ವಾಲಿವೆ. ಬಟ್ಟೆ ಈ ಕಡೆ ಹಾರುತ್ತಿದೆ, ಗಾಳಿ ಆ ಕಡೆ ಬೀಸುತ್ತಿದೆ. ಯಾರೋ ಬೆಡ್‌ಶೀಟನ್ನು ಹಿಂದಿನಿಂದ ನೂಕಿದ ಹಾಗಿದೆ.

ವಾಪಸ್ ನಡುಮನೆಗೆ ಬಂದು ಎಷ್ಟು ಹೊತ್ತು ಕೂತಿದ್ದೆನೋ. “ಪುಟ್ಟಿ, ಕೈ ಎತ್ತು” ಅಂತ ಅಂಕಲ್ ಊಟದ ಮೇಜು ಒರೆಸಲು ಬಂದರು. ಅವರು ಒದ್ದೆ ಬಟ್ಟೆ ಎಳೆದುಕೊಂಡು ಹೋದ ಹಾಗೆ ಮೇಜಿನ ಮೇಲೆ ನೀರಿನ ಗೆರೆಗಳು ಹೊಳೆದವು. ಸಣ್ಣ ಸಣ್ಣ ಓರೆ ಗೆರೆಗಳು. ಅವರು ಒರೆಸುತ್ತಿದ್ದದ್ದು ಎಡಗೈಯಲ್ಲಿ.

“ಅಂಕಲ್, ಆ ಗಾಳಿ ನೀವಾ?”

ಅಂಕಲ್ ಬಟ್ಟೆ ಹಿಂಡಿದರು. ಮತ್ತೆ ಹಿಂಡಿದರು. ಅದರಲ್ಲಿ ನೀರೇ ಉಳಿದಿರಲಿಲ್ಲ.

“ಟೀ ಕುಡೀತೀಯಾ?” ಅಂದರು.

ಫೆಬ್ರವರಿ 26, ಗುರುವಾರ

ಕಥೆ ಹೊರಗೆ ಬಂತು, ಕಪ್ಪು ತೊಳೆಯುತ್ತಾ.

ಅಂಕಲ್ ಗೋಡೆಗೆ ಗಾರೆ ಬಳಿಯುವ ಕೆಲಸ ಮಾಡುತ್ತಿದ್ದವರು. ಮೇಡಂ ಬಾಡಿಗೆಗಿದ್ದ ರೂಮಿನ ಗೋಡೆ ಮಾಡಲು ಬಂದು, ಗೋಡೆ ಮುಗಿದಮೇಲೂ ಬರುತ್ತಲೇ ಇದ್ದರಂತೆ. ಮದುವೆಯಾದಮೇಲೆ ಮೇಡಂ ಕೆತ್ತುವುದು, ಇವರು ಉಜ್ಜುವುದು. “ಅವಳು ಉಜ್ಜಿದ್ರೆ ಆಕಾಶ ಗಂಟು ಗಂಟಾಗುತ್ತೆ” ಅಂದರು ದನಿ ತಗ್ಗಿಸಿ, ಅದು ಮಾತ್ರ ಹೊರಗೆ ಗೊತ್ತಾಗಬಾರದು ಅನ್ನುವ ಹಾಗೆ.

ಈ ಹಲಗೆಯ ಏಳನೆಯ ಪ್ರತಿ ಆದ ದಿನ ಪೇಪರಿನವರು ಬಂದರು. ಗಾಳಿಯನ್ನು ಹೇಗೆ ತಂದಿರಿ ಅಂತ ಕೇಳಿದರು.

“ನಾನು ಅಲ್ಲೇ ನಿಂತಿದೀನಿ, ಸೌಟು ಕೈಯಲ್ಲೇ ಇದೆ. ಇವಳು ಏನಂದ್ಲು ಗೊತ್ತಾ? ‘ಅದು ಬಂದುಬಿಡುತ್ತೆ’ ಅಂದ್ಲು. ಬಂದುಬಿಡುತ್ತಂತೆ! ತಾನಾಗೇ!”

“ಆಮೇಲೆ?”

“ಮಾರನೇ ದಿನ ಎಂಟನೇದು ಒತ್ತಬೇಕಿತ್ತು. ತಾನಾಗೇ ಬರಲಿ ಅಂತ ಬಿಟ್ಟೆ.”

“ಬಂತಾ, ಅಂಕಲ್?”

“ಕಾಯ್ತಾ ಇದೀವಿ.”

ಅಲ್ಲಿಂದ ಅವರು ಆ ರೂಮಿನ ಹೊಸ್ತಿಲು ದಾಟಿಲ್ಲ. ಮೇಡಂ ಕರೆಯಲೂ ಇಲ್ಲ, ಪೇಂಟಿಂಗಿಗೆ ಹೋಗಿಬಿಟ್ಟರು, ಅದಕ್ಕೆ ಇನ್ನೊಬ್ಬರು ಬೇಡ. ಬೇರೆ ಎಲ್ಲದರಲ್ಲೂ ಇಬ್ಬರೂ ಖುಷಿಯಾಗಿದ್ದಾರೆ. ಸಂಜೆ ಜೊತೆಯಲ್ಲಿ ವಾಕಿಂಗ್ ಹೋಗುತ್ತಾರೆ, ಮಾತ್ರೆ ಒಬ್ಬರಿಗೊಬ್ಬರು ನೆನಪಿಸುತ್ತಾರೆ. ಇದೊಂದು ವಿಷಯ ಮಾತ್ರ ಮೂವತ್ತು ವರ್ಷದಿಂದ ಬಾಯಿ ಬಿಟ್ಟಿಲ್ಲ.

“ಇಷ್ಟು ಸಣ್ಣ ವಿಷಯಕ್ಕಾ, ಅಂಕಲ್?” ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರಿಗೆ ಬೇಜಾರಾಗಲಿಲ್ಲ. “ನೂರಾರು ಗೋಡೆ ಮಾಡಿದೀನಿ, ಪುಟ್ಟಿ. ಎಲ್ಲಾದರ ಮೇಲೂ ಬಣ್ಣ ಹೊಡೆದುಬಿಡ್ತಾರೆ. ನನ್ನ ಕೈ ಯಾರಿಗೂ ಕಾಣಲ್ಲ. ಇದೊಂದರಲ್ಲಿ ಕಾಣ್ತಿತ್ತು.”

ಮಾರ್ಚ್ 1, ಭಾನುವಾರ

ಎಡಗೈ ಪ್ರಾಕ್ಟೀಸ್. ಎಡಗೈಯಲ್ಲಿ ಹಲ್ಲುಜ್ಜಿದೆ, ಪೇಸ್ಟು ಮೂಗಿಗೆ ಹೋಯಿತು. ಎಡಗೈಯಲ್ಲಿ ತಲೆ ಬಾಚಿದೆ. ಮೆಸ್ಸಿನಲ್ಲಿ ಎಡಗೈಯಲ್ಲಿ ಚಮಚ ಹಿಡಿದು ಸೂಪ್ ಕುಡಿಯಲು ಹೋಗಿ ರೂಮ್‌ಮೇಟ್ ತೊಡೆ ಮೇಲೆ ಚೆಲ್ಲಿದೆ. “ನಿಂಗೇನು ಸ್ಟ್ರೋಕ್ ಆಗಿದ್ಯಾ?” ಅಂದಳು. ಹದಿನೈದನೇ ಪಾಯಿಂಟ್.

ಮಾರ್ಚ್ 3, ಮಂಗಳವಾರ

ಎಡಗೈ ಕಥೆ ಕೇಳಿ ಅಂಕಲ್ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕೈ ಯಾಕೆ ಬದಲಾಯಿಸ್ತೀಯಾ? ಹಲಗೆ ಅಲ್ಲೇ ಇರಲಿ, ನೀನು ಜಾಗ ಬದಲಾಯಿಸು. ಮುಂದೆ ನಿಲ್ಲಬೇಡ. ಮೇಜಿನ ಪಕ್ಕಕ್ಕೆ ಹೋಗಿ ನಿಂತ್ಕೊಂಡು ಉಜ್ಜು.”

ಪಕ್ಕಕ್ಕೆ ಹೋಗಿ ನಿಂತೆ. ರಫ್ ಪೇಪರ್ ಹಾಸಿ ಬಲಗೈಯಲ್ಲೇ ಉಜ್ಜಿದೆ. ಎತ್ತಿ ಓರೆ ಹಿಡಿದೆ. ಗೆರೆಗಳು ಬಟ್ಟೆ ಹಾರುವ ಕಡೆಗೇ ವಾಲಿದ್ದವು. ಇಷ್ಟೇನಾ! ಎರಡು ದಿನ ಹಲ್ಲು ನೋವು ಮಾಡಿಕೊಂಡಿದ್ದೆ.

“ಮೊಣಕೈಯಿಂದ ಬೇಡ, ಭುಜದಿಂದ ಬರಲಿ. ಸೌಟಿನ ಮೇಲೆ ನೀನು ಕೂತಿದೀಯಾ ಅಂದ್ಕೊ.”

ಮೇಡಂ ರೂಮಿನ ಆ ತುದಿಯಲ್ಲಿ ಕ್ಯಾನ್ವಾಸಿಗೆ ಮೊಳೆ ಹೊಡೆಯುತ್ತಿದ್ದರು. ಸುತ್ತಿಗೆ ನಿಂತಿತು. ಮತ್ತೆ ಶುರುವಾಯಿತು, ಸ್ವಲ್ಪ ಮೆಲ್ಲಗೆ. ಅಂಕಲ್ ಮಾತು ಕೇಳಿಸುವಷ್ಟು ಮೆಲ್ಲಗೆ.

ಮಾರ್ಚ್ 6, ಶುಕ್ರವಾರ

ಎಂಟನೆಯದು ಬಂತು!!

ಬೆಳಗಿನಿಂದ ನಡೆದದ್ದನ್ನು ಹೀಗೇ ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆಯಾಗಲ್ಲ. ಅಂಕಲ್ ಹೊಸ್ತಿಲ ಆ ಕಡೆ ಸ್ಟೂಲ್ ಹಾಕಿ ಕೂತರು. ಮೇಡಂ ಈ ಕಡೆ. ನಡುವೆ ನಾನು.

ಅಂಕಲ್: “ಶಾಯಿ ಜಾಸ್ತಿ ಆಯ್ತು ಅಂತ ಹೇಳು ನಿಮ್ಮ ಮೇಡಂಗೆ.”

ನಾನು: “ಮೇಡಂ, ಶಾಯಿ...”

ಮೇಡಂ: “ಕೇಳಿಸ್ತು ಅಂತ ಹೇಳು.”

“ಅಂಕಲ್, ಕೇಳಿ...”

“ಕೇಳಿಸಿದ್ರೆ ಇನ್ನೊಂದು ಸಲ ರೋಲರ್ ಒರೆಸಲಿ.”

“ರೋಲರ್ ಒರೆಸೋದು ಯಾರಿಗೂ ಕಲಿಸಿಕೊಡಬೇಕಾಗಿಲ್ಲ ಅಂತ ಹೇಳು. ರೀ, ಒಲೆ ಮೇಲೆ ಹಾಲಿಟ್ಟಿದೀರಾ?”

“ಆರಿಸಿ ಬಂದಿದೀನಿ ಕಣೇ. ಶಾಯಿ ಇನ್ನೂ ಜಾಸ್ತಿನೇ ಇದೆ ಅಂತ ಹೇಳು.”

ಹಾಲು ಡೈರೆಕ್ಟು, ಶಾಯಿ ನನ್ನ ಮೂಲಕ. ಪಿಂಗ್‌ಪಾಂಗ್ ನೋಡುವವಳ ಹಾಗೆ ಕತ್ತು ಆ ಕಡೆ ಈ ಕಡೆ ಮಾಡುತ್ತಾ, ಕೈ ಏನು ಮಾಡುತ್ತಿದೆ ಅಂತ ನೋಡಲೂ ಪುರುಸೊತ್ತಿರಲಿಲ್ಲ. ಎತ್ತಿದರೆ ಬಂದಿದೆ. ಮೇಡಂ ಕಿಟಕಿಗೆ ಒಯ್ದು ಓರೆ ಹಿಡಿದು ನೋಡಿದರು. ಪೆನ್ಸಿಲ್ ಕಿವಿಯಿಂದ ತೆಗೆದು ಕೆಳಗೆ ‘ಹನ್ನೆರಡರಲ್ಲಿ ಎಂಟು’ ಅಂತ ಬರೆದರು.

ಮಾರ್ಚ್ 9, ಸೋಮವಾರ

ಒಂಬತ್ತು. ಎಡ ಮೂಲೆಯಲ್ಲಿ ಒತ್ತಡ ಕಮ್ಮಿ ಅಂತ ಮೇಡಂ, ಏನೂ ಕಮ್ಮಿಯಿಲ್ಲ ಅಂತ ಅಂಕಲ್. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಹೇಳಿದೆ: “ಕಮ್ಮಿ ಅಲ್ಲ, ಅಲ್ಲಿ ಹಲಗೆಯೇ ಒಂದು ಕೂದಲೆಳೆ ತಗ್ಗಿದೆ.” ಮೇಡಂ ಬೆರಳು ಆಡಿಸಿ ನೋಡಿ, “ಹೂಂ” ಅಂದರು. ಬೆನ್ನ ಹಿಂದೆ ಅಂಕಲ್ ಸೌಂಡಿಲ್ಲದೆ ಚಪ್ಪಾಳೆ ತಟ್ಟಿದರು.

ನೋಟಿಸ್ ಬೋರ್ಡು ಓದಲು ಮರೆತೆ.

ಮಾರ್ಚ್ 11, ಬುಧವಾರ

ಹತ್ತು. ಭುಜ ನೋಯುತ್ತಿಲ್ಲ, ಹಸಿವಾಗುತ್ತಿದೆ. ಮೆಸ್ಸಿನಲ್ಲಿ ಎರಡನೇ ಸಲ ಬಡಿಸಿ ಅಂದೆ. “ಇವಳಿಗೆ ಬಾಯಿದೆಯಾ!” ಅಂದರು ಮೆಸ್ಸಿನವರು.

ಮಾರ್ಚ್ 13, ಶುಕ್ರವಾರ

ಹನ್ನೊಂದು. ಆಕಾಶ ಇವತ್ತು ಎಷ್ಟು ಚೆನ್ನಾಗಿ ಬಂತು ಅಂದರೆ, ಅಂಕಲ್ ಹೊಸ್ತಿಲಿನಿಂದ ಕತ್ತು ಚಾಚಿ ಚಾಚಿ, ಸ್ಟೂಲ್ ಸಮೇತ ಒಳಗೆ ಬೀಳುವುದರಲ್ಲಿದ್ದರು.

ಒಂದು ಹಾಳೆ ಉಳಿದಿದೆ. ಒಂದು ಪ್ರತಿ ಬೇಕು. ಸೋಮವಾರ ಒತ್ತಿದರೆ ಪಾಸ್.

ಮಧ್ಯಾಹ್ನ ಎಕ್ಸಿಬಿಷನ್‌ನವರ ಫಾರಂ ಬಂತು. ಪ್ರತಿ ಚಿತ್ರಕ್ಕೂ ಒಂದು ಸಾಲು: ವರ್ಷ, ಅಳತೆ, ಕೆತ್ತಿದವರು, ಒತ್ತಿದವರು. ತುಂಬುವ ಕೆಲಸ ನನ್ನದು. ‘ಕೆತ್ತಿದವರು’ ತುಂಬಿದೆ. ‘ಒತ್ತಿದವರು’ ಹತ್ತಿರ ಪೆನ್ನು ನಿಂತಿತು.

“ಇಲ್ಲಿ ಏನು ಬರೀಲಿ, ಮೇಡಂ?”

“ಅಡ್ಡಗೆರೆ ಎಳಿ.”

“ಎಲ್ಲಾದಕ್ಕೂ?”

“ಯಾವಾಗಲೂ ಹಾಗೇ ಎಳೆಯೋದು.”

ನಮ್ಮ ಸ್ಕೂಲ್ ಹಾಸ್ಟೆಲ್‌ನಲ್ಲಿ ಫಾರಂನಲ್ಲಿ ಗೊತ್ತಿರುವುದನ್ನು ಬರೆಯದೆ ಅಡ್ಡಗೆರೆ ಎಳೆದರೆ ವಾರ್ಡನ್ ಹರಿದು ಮುಖಕ್ಕೆ ಎಸೆಯುತ್ತಿದ್ದರು. ನನ್ನ ಕೈಗೆ ಅದು ಆಗಲೇ ಇಲ್ಲ. ಒಂದರಿಂದ ಏಳರವರೆಗೆ ಪೆನ್ಸಿಲ್‌ನಲ್ಲಿ ಅಂಕಲ್ ಹೆಸರು ಬರೆದೆ. ಪೆನ್ಸಿಲ್ ತಾನೇ, ಅಳಿಸಬಹುದು.

ಮೇಡಂ ಬಂದು ನೋಡಿದರು. ಅಳಿಸಲಿಲ್ಲ. ಬೈಯಲೂ ಇಲ್ಲ. “ಇವತ್ತಿಗೆ ಸಾಕು, ಹೋಗು” ಅಂದರು. ಗಂಟೆ ಎರಡೂವರೆಯಷ್ಟೇ ಆಗಿತ್ತು.

ಮಾರ್ಚ್ 14, ಶನಿವಾರ

ಯಾಕೆ ಬರೆದೆನೋ! ಯಾರು ಕೇಳಿದ್ದರು ನನ್ನನ್ನು? ಮಾರ್ಕ್ಸ್ ಅವರ ಕೈಯಲ್ಲಿದೆ. ಹದಿನೆಂಟು ಪಾಯಿಂಟ್‌ವರೆಗೆ ಹೋದೆ. ಆಮೇಲೆ ನಿದ್ದೆ ಬಂತು.

ಮಾರ್ಚ್ 16, ಸೋಮವಾರ

ಹೋದಾಗ ಮೇಡಂ ಆಗಲೇ ಶಾಯಿ ಕಲಸುತ್ತಿದ್ದರು. ಫಾರಂ ಮೇಜಿನ ತುದಿಯಲ್ಲಿ ನಾನು ಬಿಟ್ಟ ಹಾಗೇ ಇತ್ತು. ಅಂಕಲ್ ಸ್ಟೂಲ್ ಮೇಲೆ, ಹೊಸ್ತಿಲ ಆಚೆ. ಶಾಯಿಯ ಬಗ್ಗೆಯೂ ಮಾತಿಲ್ಲ, ಹಾಲಿನ ಬಗ್ಗೆಯೂ ಇಲ್ಲ.

ರೋಲರ್ ಹಾಯಿಸಿದೆ. ಕಡೆಯ ಹಾಳೆಯನ್ನು ಒದ್ದೆ ಬಟ್ಟೆಯಿಂದ ಬಿಡಿಸಿ, ಮೂಲೆಯ ಗುರುತಿಗೆ ಕೂಡಿಸಿ, ಹಲಗೆಯ ಮೇಲೆ ಇಳಿಬಿಟ್ಟೆ. ಸೌಟು ಎತ್ತಿಕೊಂಡೆ. ಪಕ್ಕಕ್ಕೆ ಹೋಗಿ ನಿಂತೆ.

ಉಜ್ಜಬೇಕು ಅನ್ನಿಸಲಿಲ್ಲ. ಹೆದರಿಕೆಯಲ್ಲ, ಹೆದರಿಕೆ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

“ಅಂಕಲ್, ಇದು ನೀವು ಒತ್ತಿ” ಅಂದೆ.

ಮೇಡಂ ತಲೆಯೆತ್ತಿದರು. “ನಿನಗೆ ಐದು ಬೇಕಲ್ವಾ?”

“ಬೇಕು, ಮೇಡಂ.”

“ನಾಲ್ಕೇ ಆಗುತ್ತೆ.”

“ಹೌದು, ಮೇಡಂ.”

“ನಾಲ್ಕು ಅಂದರೆ...”

“ಐದಲ್ಲ. ಗೊತ್ತು, ಮೇಡಂ. ಇವರು ಶುರು ಮಾಡಿದ್ದಲ್ವಾ?”

ಅಂಕಲ್ ಸ್ಟೂಲ್ ಬಿಟ್ಟು ಎದ್ದಿದ್ದರು. ಆದರೂ ಕಾಲು ಆ ಕಡೆಯೇ. “ನನಗೆ ಯಾರೂ ಹೇಳಿಲ್ಲವಲ್ಲ ಅಂತ ಹೇಳು ನಿಮ್ಮ ಮೇಡಂಗೆ” ಅಂದರು.

ನಾನು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಸೌಟು ಹಿಡಿದು ನಿಂತೆ. ಕಾಗದದ ಅಂಚು ಮೆಲ್ಲಗೆ ಮೇಲೇಳಲು ಶುರುವಾಗಿತ್ತು, ಒಣಗುತ್ತಿತ್ತು.

ಮೇಡಂ ಕಾಗದ ನೋಡಿದರು, ಬಾಗಿಲು ನೋಡಿದರು. “ಬನ್ನಿ ರೀ” ಅಂದರು. ಆಮೇಲೆ, “ಅದು ತಾನಾಗಿ ಬರಲ್ಲ ಅಂತ ನನಗೆ ಅವತ್ತೂ ಗೊತ್ತಿತ್ತು” ಅಂದರು.

ಅಂಕಲ್ ಬಂದರು. ಒಂದೇ ಹೆಜ್ಜೆ, ಅಷ್ಟೇ ಇದ್ದದ್ದು. ಸೌಟು ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದರು. ಅಂಗಿಯ ಎಡತೋಳು ಮಡಚಿ, ಹಲಗೆಯ ಮುಂದೆ ನಿಂತು ಶುರು ಮಾಡಿದರು. ಆಹಾ, ಆ ಕೈ! ನಾನು ಭುಜದಿಂದ ಉಜ್ಜುತ್ತೇನೆ, ಅವರು ಕಾಲ ಹೆಬ್ಬೆರಳಿನಿಂದ ಉಜ್ಜುತ್ತಾರೆ. ಆಕಾಶ ಮುಕ್ಕಾಲು ಆಯಿತು. ಅಷ್ಟರಲ್ಲಿ ಭುಜದಲ್ಲಿ ಏನೋ ಚುಳುಕ್ ಅಂದಿತು, ಅಂಕಲ್ “ಅಯ್ಯೋ” ಅಂದರು, ಸೌಟು ಜಾರಿತು, ಅದರ ಜೊತೆಗೆ ಕಾಗದವೂ ಜಾರಿತು.

ಎತ್ತಿ ನೋಡಿದೆವು. ಮೂರು ಬೆಡ್‌ಶೀಟು ಇದ್ದದ್ದು ಆರಾಗಿದ್ದವು.

ಮೇಡಂ ಪೆನ್ಸಿಲ್ ತುದಿಯಿಂದ ಒಂದೊಂದನ್ನೇ ಎಣಿಸಿದರು.

“ಹಾಳಾಯ್ತು” ಅಂದರು ಮೇಡಂ.

“ಹಾಳೇ ಆಯ್ತು” ಅಂದರು ಅಂಕಲ್.

“ಮೂವತ್ತು ವರ್ಷ ಕಾಯಿಸಿ ಇದನ್ನ ಕೊಟ್ರಾ?”

“ನೀನು ಇಪ್ಪತ್ತು ವರ್ಷಕ್ಕೇ ಕರೆದಿದ್ರೆ ಭುಜ ಸರಿ ಇತ್ತು!”

“ಕರೀಬೇಕಾ? ಮನೆಯಲ್ಲೇ ಇದ್ರಲ್ಲ!”

“ಮನೆಯಲ್ಲೇ ಇದ್ದೆ, ನೀನೇ ನೋಡಲಿಲ್ಲ!”

ಎಲ್ಲಾ ಡೈರೆಕ್ಟು. ನನ್ನ ಕಡೆ ಯಾರೂ ತಿರುಗಲೂ ಇಲ್ಲ. ಕೂಗಾಟ ಜೋರಾಗುತ್ತಾ ಹೋಗಿ, ಯಾವ ಘಳಿಗೆಯಲ್ಲೋ ಮೇಡಂ ನಗಲು ಶುರು ಮಾಡಿದರು. ಅವರು ನಗುವುದನ್ನು ನಾನು ನೋಡಿಯೇ ಇರಲಿಲ್ಲ. ಹಲ್ಲು ಸ್ವಲ್ಪ ಮುಂದಿದೆ.

ಕಡೆಗೆ ಅಂಕಲ್‌ಗೆ ನನ್ನ ನೆನಪಾಯಿತು. “ಏ ಇವಳೇ, ಆ ಮಗು ಗತಿ ಏನು? ಹಾಳೆ ಹಾಳು ಮಾಡಿದ್ದು ನಾನು. ಫೇಲ್ ಮಾಡೋದಾದ್ರೆ ನನ್ನ ಫೇಲ್ ಮಾಡು.”

“ಮಾಡ್ತೀನಿ” ಅಂದರು ಮೇಡಂ. ಫಾರಂ ಎಳೆದುಕೊಂಡು, ನನ್ನ ಪೆನ್ಸಿಲ್ ಅಕ್ಷರಗಳ ಮೇಲೆ ಪೆನ್ನಿನಿಂದ ಒಂದೊಂದನ್ನೂ ತಿದ್ದಿದರು, ಒಂದರಿಂದ ಏಳು. ಎಂಟರಿಂದ ಹನ್ನೊಂದರ ಮುಂದೆ ನನ್ನ ಹೆಸರು ಬರೆದರು, ಸ್ಪೆಲ್ಲಿಂಗ್ ಕೇಳಿ ಬರೆದರು. ಹನ್ನೆರಡರ ಮುಂದೆ ಮತ್ತೆ ಗಂಡನ ಹೆಸರು ಬರೆದು, ಪಕ್ಕದಲ್ಲಿ ‘ಫೇಲ್’ ಅಂತ ಹಾಕಿದರು.

ಅಂಕಲ್ ಕನ್ನಡಕ ತಂದು ಹಾಕಿಕೊಂಡು ಓದಿದರು. ಮೇಲಿನ ಏಳು ಸಾಲಿನ ಮೇಲೆ ಬೆರಳು ನಿಧಾನವಾಗಿ ಇಳಿಯಿತು. ಹನ್ನೆರಡಕ್ಕೆ ಬಂದು ನಿಂತಿತು.

“ಇದರ ಒಂದು ಜೆರಾಕ್ಸ್ ಬೇಕು ನನಗೆ” ಅಂದರು.

ನನ್ನ ಮಾರ್ಕ್ಸ್ ಶೀಟಿನಲ್ಲಿ ಮೇಡಂ ಬರೆದದ್ದು: “ನಾಲ್ಕು ಪ್ರತಿ ಸರಿಯಾಗಿವೆ. ಐದನೆಯದರ ಹೊತ್ತಿಗೆ ಹಾಳೆ ಇರಲಿಲ್ಲ. ಪಾಸ್.” ಕೆಳಗೆ ಸಹಿ. ಬ್ಯಾಗಿನಲ್ಲಿ ಎಲ್ಲೋ ಹಾಕಿದ್ದೇನೆ, ಹುಡುಕಬೇಕು.

ಮಾರ್ಚ್ 17, ಮಂಗಳವಾರ

ಇವತ್ತು ಹಲಗೆಗೆ ಗೆರೆ ಹೊಡೆಯುವ ದಿನ. 

ಘೋಷಿಸಿದಷ್ಟು ಪ್ರತಿ ಮುಗಿದಮೇಲೆ ಇನ್ನು ಯಾರೂ ಕದ್ದು ಒತ್ತಬಾರದು ಅಂತ ಹಲಗೆಯ ಮೇಲೆ ಅಡ್ಡಡ್ಡ ಒಂದು ಗೆರೆ ಕೊರೆದುಬಿಡುವುದು ಪದ್ಧತಿ. ಗೆರೆ ಹೊಡೆದದ್ದಕ್ಕೆ ಸಾಕ್ಷಿಯಾಗಿ ರಫ್ ಕಾಗದದ ಮೇಲೆ ಒಂದೇ ಒಂದು ಪ್ರತಿ ತೆಗೆದಿಡುತ್ತಾರೆ. ಅಲ್ಲಿಗೆ ಹಲಗೆಯ ಕೆಲಸ ಮುಗಿಯಿತು.

ಮೇಡಂ ಬೆರಳಿಗೆ ಉಳಿ ನಿಲ್ಲುತ್ತಿರಲಿಲ್ಲ. ಅಂಕಲ್ ಹಿಂದಿನಿಂದ ಅವರ ಕೈಯ ಮೇಲೆ ಕೈಯಿಟ್ಟು ಒತ್ತಿದರು, ಬಲ ಇವರದು, ದಾರಿ ಅವರದು. ಆಕಾಶದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಗೆರೆ ಎಲ್ಲಿಂದ ಶುರುವಾಗಬೇಕಿತ್ತು, ಎಷ್ಟು ಆಳ ಹೋಗಬೇಕಿತ್ತು ಅಂತ ಎರಡು ಜಗಳ ಆಗಿತ್ತು. ಮೂರನೆಯದು ಅಡುಗೆಮನೆಗೆ ಹೋಗಿ ಮುಂದುವರಿಯಿತು.

ಸಾಕ್ಷಿ ಪ್ರತಿ ಒತ್ತು ಅಂತ ಯಾರೂ ಹೇಳಲಿಲ್ಲ. ಶಾಯಿ ಹಚ್ಚಿದೆ, ಕಾಗದ ಹಾಸಿದೆ, ಪಕ್ಕಕ್ಕೆ ಹೋಗಿ ನಿಂತು ಉಜ್ಜಿದೆ. ಉಜ್ಜುವಾಗ ಒಳಗಿನ ಜಗಳಕ್ಕೆ ಕಿವಿ ಕೊಟ್ಟಿದ್ದೆ, ಮೇಡಂ ಗೆಲ್ಲುತ್ತಿದ್ದರು. ಎತ್ತಿ ಕಿಟಕಿಗೆ ಹಿಡಿದೆ. ಗಾಳಿ ಇತ್ತು, ಗೆರೆ ಅದರ ನಟ್ಟ ನಡುವೆ ಬೆಳ್ಳಗೆ ಹಾದುಹೋಗಿತ್ತು.

ಇದಕ್ಕೆ ನಂಬರ್ ಹಾಕುವುದಿಲ್ಲ. ಕೆಳಗೆ ಮೇಡಂ ಹೆಸರು ಬರೆದೆ, ಕೆತ್ತಿದವರು. ಅದರ ಪಕ್ಕ ನನ್ನ ಹೆಸರು, ಒತ್ತಿದವರು. ಪೆನ್ನಿನಲ್ಲೇ ಬರೆದುಬಿಟ್ಟಿದ್ದೇನೆ ಅಂತ ಒಣಹಾಕುವಾಗ ಗೊತ್ತಾಯಿತು. ಇರಲಿ.